ತಟ್ಟೆಯಲ್ಲಿ ಬೆಳೆಯುವ ಸ್ನಾಯು: ಅನುವಂಶಿಕ ಸ್ನಾಯುಕ್ಷಯವೂ ಕೋಶವಂಶಗಳೂ

ಮನುಷ್ಯನ ದೇಹದಲ್ಲಿ 600ಕ್ಕೂ ಮಿಕ್ಕಿ ಸ್ನಾಯುಗಳಿವೆ. ಕಣ್ಣೆವೆ ಮಿಟುಕಿಸುವುದರಿಂದ ಹಿಡಿದು ತುಂಬಿದ ಕೊಡ ಹೊರುವವರೆಗೆ ದೇಹದ ಸಕಲ ವ್ಯಾಪಾರಗಳೂ ಇವುಗಳ ಸಂಕೋಚನ ವಿಕಸನಗಳಿಂದಲೇ ನಡೆಯುತ್ತವೆ. ಕೈಕಾಲುಗಳ ಸ್ನಾಯುವಿಗೆ ಒಂದು ವಿಶೇಷ ಗುಣವುಂಟು. ಪೆಟ್ಟು ಬಿದ್ದು ಅಥವಾ ಅತಿ ದುಡಿಮೆಯಿಂದ ಅದರ ಎಳೆಗಳು ಹರಿದರೆ ಅದು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳಬಲ್ಲದು. ಈ ದುರಸ್ತಿಯ ವೇಗಕ್ಕಿಂತ ಸವೆತದ ವೇಗ ಹೆಚ್ಚಾಗಿ, ಅದಕ್ಕೆ ವಂಶವಾಹಿಯಲ್ಲಿನ ದೋಷವೇ ಮೂಲವಾಗಿದ್ದರೆ, ಅಂತಹ ಸ್ಥಿತಿಯನ್ನು ವೈದ್ಯರು ಮಸ್ಕ್ಯುಲರ್ ಡಿಸ್ಟ್ರೊಫಿ ಎನ್ನುತ್ತಾರೆ. ಕನ್ನಡದಲ್ಲಿ ಸ್ನಾಯುಕ್ಷಯ ಎನ್ನಬಹುದು. ಕ್ಷಯ ಎಂಬ ಮಾತು ಕಿವಿಗೆ ಬಿದ್ದೊಡನೆ ಇದನ್ನು ಅಂಟುರೋಗವೆಂದು ಭಾವಿಸಿ ಮಗುವನ್ನು ದೂರವಿಡುವವರು ಇನ್ನೂ ಇದ್ದಾರೆ. ಇದು ಒಬ್ಬರಿಂದ ಒಬ್ಬರಿಗೆ ತಗಲುವ ರೋಗವಲ್ಲ.

ಇದು ಒಂದು ರೋಗವೂ ಅಲ್ಲ, ರೋಗಗಳ ಒಂದು ದೊಡ್ಡ ಕುಟುಂಬ. ಇವುಗಳಲ್ಲಿ ಹೆಚ್ಚು ಪರಿಚಿತವಾದುದು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಡುಶೇನ್ ಅವರ ಹೆಸರಿನದು. ಮೂರರಿಂದ ಐದು ವರ್ಷದ ಗಂಡುಮಕ್ಕಳು ನೆಲದಿಂದ ಏಳುವಾಗ ತಮ್ಮ ತೊಡೆಗಳ ಮೇಲೆಯೇ ಕೈಯೂರಿ ಏಳುವುದು ಅದರ ಗುರುತು. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಬಗೆಯನ್ನು 1966ರಲ್ಲಿ ಎಮೆರಿ ಮತ್ತು ಡ್ರೈಫಸ್ ಎಂಬ ವೈದ್ಯರು ಅಮೆರಿಕದ ವರ್ಜೀನಿಯಾ ರಾಜ್ಯದ ಒಂದು ಕುಟುಂಬದಲ್ಲಿ ಗುರುತಿಸಿ ವಿವರಿಸಿದರು. ಈ ಲೇಖನದಲ್ಲಿ ಹೆಚ್ಚಾಗಿ ಈ ಎರಡನೆಯ ಬಗೆಯನ್ನೇ ಎತ್ತಿಕೊಂಡಿದ್ದೇನೆ. ಅದಕ್ಕೆ ಎರಡು ಕಾರಣಗಳು. ಒಂದು, ಇದರಲ್ಲಿ ಹೃದಯಕ್ಕೆ ಒದಗುವ ಅಪಾಯವನ್ನು ಮುಂಚಿತವಾಗಿ ತಿಳಿದು ಪ್ರಾಣವನ್ನು ಉಳಿಸಿಕೊಳ್ಳುವ ಅವಕಾಶವಿದೆ. ಇನ್ನೊಂದು, ಇದರ ಮೂಲವನ್ನು ಹುಡುಕುವ ಕೆಲಸದಲ್ಲಿ ನಮ್ಮ ಹೈದರಾಬಾದು ನಗರದ ಪಾಲು ಚಿಕ್ಕದಲ್ಲ.

ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ದುಡಿಯುತ್ತಿರುವವನಿಗೆ ಈ ವಿಷಯದ ಗೊಡವೆ ಏಕೆ ಬಂತೆಂದು ಓದುಗರು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಮ್ಮ ಶಾಖೆಗೆ ಕಲಬುರಗಿ ಕಡೆಯ ಒಬ್ಬ ತಂದೆ ಸಾಲದ ಅರ್ಜಿ ಹಿಡಿದು ಬಂದಿದ್ದರು. ಅರ್ಜಿಯ ಜೊತೆ ಒಂದು ಖಾಸಗಿ ಚಿಕಿತ್ಸಾಲಯದ ಅಂದಾಜುಪಟ್ಟಿ ಇತ್ತು. ಮಗನ ಸ್ನಾಯುಗಳಿಗೆ ಜೀವಕೋಶಗಳನ್ನು ಚುಚ್ಚಿ ಗುಣಪಡಿಸುವುದಾಗಿಯೂ ಹಣವನ್ನು ಮುಂಗಡವಾಗಿ ಕಟ್ಟತಕ್ಕದ್ದೆಂದೂ ಅದರಲ್ಲಿ ಬರೆದಿತ್ತು. ಅದಕ್ಕೂ ಮೊದಲು ಬೇರೊಂದು ಆಸ್ಪತ್ರೆಯಲ್ಲಿ ಮಗನ ತೊಡೆಯಿಂದ ಸ್ನಾಯುವಿನ ಚೂರೊಂದನ್ನು ತೆಗೆದಿದ್ದರು. ಅದರಿಂದ ಕೋಶಗಳನ್ನು ಬೆಳೆಸಿ ಅಭ್ಯಾಸ ಮಾಡಲು ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಪಡೆದಿದ್ದರು. "ಅದೂ ಸೆಲ್ಲು, ಇದೂ ಸೆಲ್ಲು. ಎರಡೂ ಒಂದೇ ಅಲ್ಲೇನ್ರೀ ಸಾಹೇಬರ?" ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಓದಿದ, ಬಲ್ಲವರನ್ನು ಕೇಳಿ ತಿಳಿದ ಸಂಗತಿಗಳನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ. ಮೊದಲೇ ಹೇಳಿಬಿಡುವುದಾದರೆ, ಎರಡೂ ಒಂದೇ ಅಲ್ಲ. ಪ್ರಯೋಗಶಾಲೆಯಲ್ಲಿ ಬೆಳೆಯುವ ಕೋಶ ಸಾಕ್ಷಿ ಹೇಳಲು ಬಂದದ್ದು, ಮದ್ದಾಗಲು ಬಂದದ್ದಲ್ಲ.

ಕೋಶವಂಶವೆಂದರೇನು?

ಸ್ನಾಯುವಿನ ಒಂದೊಂದು ಎಳೆಯ ಪಕ್ಕದಲ್ಲಿಯೂ ಅಲ್ಲಲ್ಲಿ ಸಣ್ಣ ಕೋಶಗಳು ಅಂಟಿಕೊಂಡು ಮಲಗಿರುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇವುಗಳನ್ನು ಕಂಡು ಸ್ಯಾಟಲೈಟ್ ಕೋಶಗಳೆಂದು ಹೆಸರಿಟ್ಟರು. ಉಪಗ್ರಹ ಕೋಶಗಳೆಂದು ನಾವು ಹೇಳೋಣ. ಸ್ನಾಯುವಿಗೆ ಪೆಟ್ಟು ಬಿದ್ದಾಗ ಇವು ಎಚ್ಚೆತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ ವಿಭಜನೆಗೊಂಡು, ಬಳಿಕ ಒಂದರೊಡನೊಂದು ಕೂಡಿಕೊಂಡು ಹೊಸ ಎಳೆಗಳಾಗುತ್ತವೆ. ಸ್ನಾಯು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆಂದು ಮೇಲೆ ಹೇಳಿದ್ದು ಇವುಗಳ ಬಲದಿಂದಲೇ.

ಬಯಾಪ್ಸಿಯಲ್ಲಿ ತೆಗೆದ ಸ್ನಾಯುವಿನ ಚೂರನ್ನು ನುಣ್ಣಗೆ ಕತ್ತರಿಸಿ, ಪಾಚಕ ದ್ರವದಲ್ಲಿ ಬಿಡಿಸಿ, ಈ ಕೋಶಗಳನ್ನು ಬೇರ್ಪಡಿಸಬಹುದು. ಸಕ್ಕರೆ, ಲವಣಗಳು, ಅಮೈನೊ ಆಮ್ಲಗಳು ಮತ್ತು ಪ್ರಾಣಿಯ ರಕ್ತದಿಂದ ತೆಗೆದ ಸೀರಮ್ ಬೆರೆಸಿದ ದ್ರವದಲ್ಲಿ, 37 ಡಿಗ್ರಿ ಶಾಖದಲ್ಲಿ, ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಅಂಟಿಕೊಂಡು ಅವು ಬೆಳೆಯುತ್ತವೆ. ತಟ್ಟೆ ತುಂಬಿದೊಡನೆ ಸಸಿಗಳನ್ನು ಕಿತ್ತು ನಾಟಿ ಮಾಡಿದಂತೆ ಅವುಗಳನ್ನು ಬಿಡಿಸಿ ಹೊಸ ತಟ್ಟೆಗಳಿಗೆ ಹಂಚುತ್ತಾರೆ. ಸೀರಮ್ಮಿನ ಪ್ರಮಾಣವನ್ನು ಕಡಿಮೆ ಮಾಡಿದರೆ ಅವು ವಿಭಜನೆಯನ್ನು ನಿಲ್ಲಿಸಿ, ಸಾಲುಗೂಡಿ, ಒಂದರಲ್ಲೊಂದು ಲೀನವಾಗಿ ಉದ್ದನೆಯ ಎಳೆಗಳಾಗುತ್ತವೆ. ಕೆಲವು ದಿನಗಳ ನಂತರ ಆ ಎಳೆಗಳು ಆಗೊಮ್ಮೆ ಈಗೊಮ್ಮೆ ಅದುರುವುದೂ ಉಂಟು. ಒಡೆಯನಿಲ್ಲದ, ಮೂಳೆಯಿಲ್ಲದ, ನರದ ಅಪ್ಪಣೆಯಿಲ್ಲದ ಸ್ನಾಯು ತಟ್ಟೆಯಲ್ಲಿ ಮಿಡುಕುವುದೆಂದರೆ ನಂಬುವುದು ಕಷ್ಟ.

ಆದರೆ ಈ ನಾಟಿ ಎಂದೆಂದಿಗೂ ನಡೆಯುವುದಿಲ್ಲ. ಮಾನವ ದೇಹದ ಸಾಮಾನ್ಯ ಕೋಶಗಳು ಸುಮಾರು 50 ಸಲ ವಿಭಜನೆಗೊಂಡ ಮೇಲೆ ನಿಂತುಬಿಡುತ್ತವೆಂಬುದನ್ನು 1961ರಲ್ಲಿ ಫಿಲಡೆಲ್ಫಿಯಾದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ತೋರಿಸಿಕೊಟ್ಟರು. ಪ್ರತಿ ವಿಭಜನೆಯಲ್ಲೂ ವರ್ಣತಂತುಗಳ ತುದಿಗಳು ಸ್ವಲ್ಪ ಸ್ವಲ್ಪವೇ ಸವೆಯುವುದು ಇದಕ್ಕೆ ಮುಖ್ಯ ಕಾರಣ. ಠೇವಣಿಯಿಂದ ಬಡ್ಡಿಯನ್ನಲ್ಲದೆ ಅಸಲನ್ನೇ ತೆಗೆದು ಉಣ್ಣುವವನ ಸ್ಥಿತಿಯೇ ಇವುಗಳದೂ. ಡುಶೇನ್ ರೋಗಿಗಳ ಉಪಗ್ರಹ ಕೋಶಗಳಾದರೋ ದೇಹದೊಳಗೇ ಪುನಃಪುನಃ ದುರಸ್ತಿಗೆ ದುಡಿದು ದಣಿದಿರುತ್ತವೆ. ತಟ್ಟೆಗೆ ಬರುವ ಹೊತ್ತಿಗೆ ಅವುಗಳ ಖಾತೆಯಲ್ಲಿ ಉಳಿದಿರುವ ಶಿಲ್ಕು ಕಡಿಮೆ. ಸಂಶೋಧಕನಿಗೆ ಮಾತ್ರ ಅದೇ ಕೋಶ ಇಂದಿಗೂ ಬೇಕು, ಹತ್ತು ವರ್ಷದ ಮೇಲೂ ಬೇಕು, ಬೇರೆ ದೇಶದ ಸಂಶೋಧಕನ ಕೈಯಲ್ಲೂ ಬೇಕು. ಹಾಗೆ ಮಿತಿಯಿಲ್ಲದೆ ಬೆಳೆಯುತ್ತಾ ಹೋಗಬಲ್ಲ, ಒಂದೇ ಮೂಲದಿಂದ ಬಂದ ಕೋಶಗಳ ಸಂತತಿಗೆ ಸೆಲ್ ಲೈನ್ ಎನ್ನುತ್ತಾರೆ. ಕೋಶವಂಶವೆಂಬ ಮಾತು ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಮಾನವಮೂಲದ ಮೊದಲ ಕೋಶವಂಶ 1951ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಸಿದ್ಧವಾಯಿತು. ಹೆನ್ರಿಯೆಟಾ ಲ್ಯಾಕ್ಸ್ ಎಂಬ 31 ವರ್ಷದ ಮಹಿಳೆಯ ಗರ್ಭಕಂಠದ ಅರ್ಬುದದಿಂದ ತೆಗೆದ ಆ ಕೋಶಗಳು ಹೀಲಾ ಎಂಬ ಹೆಸರಿನಿಂದ ಜಗತ್ತಿನ ಪ್ರಯೋಗಶಾಲೆಗಳನ್ನೆಲ್ಲ ತುಂಬಿದವು. ಆಕೆ ಅದೇ ವರ್ಷ ತೀರಿಕೊಂಡರು. ಸಂಶೋಧನೆಗೆಂದು ಆಕೆಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಮನೆಯವರಿಗೆ ಸಂಗತಿ ಗೊತ್ತಾದುದು 1970ರ ದಶಕದಲ್ಲಿ. ಆ ಕೋಶಗಳನ್ನು ಮಾರುತ್ತಿದ್ದ ಒಂದು ದೊಡ್ಡ ಕಂಪನಿಯೊಡನೆ ಕುಟುಂಬದವರು ನ್ಯಾಯಾಲಯದ ಹೊರಗೆ ರಾಜಿಗೆ ಬಂದದ್ದು 2023ರಲ್ಲಿ.

ಒಂದು ಇಲಿಯ ತೊಡೆಯಿಂದ ಹಬ್ಸಿಗುಡಾವರೆಗೆ

ಸ್ನಾಯುವಿನ ಸಂಶೋಧನೆಯಲ್ಲಿ ಹೀಲಾದಷ್ಟೇ ಹೆಸರು ಮಾಡಿದ ಕೋಶವಂಶವೊಂದಿದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಡೇವಿಡ್ ಯಾಫೆ ಮತ್ತು ಓರಾ ಸ್ಯಾಕ್ಸೆಲ್ ಎಂಬವರು ಪ್ರಯೋಗಶಾಲೆಯ ಇಲಿಯೊಂದರ ತೊಡೆಯ ಸ್ನಾಯುವನ್ನು ಜಜ್ಜಿ, ಸುಮಾರು ಮೂರು ದಿನ ಕಾದು, ದುರಸ್ತಿಗೆಂದು ಎಚ್ಚೆತ್ತ ಉಪಗ್ರಹ ಕೋಶಗಳನ್ನು ತೆಗೆದು ಬೆಳೆಸಿದರು. 1977ರಲ್ಲಿ ಅವರು ಪ್ರಕಟಿಸಿದ ಆ ವಂಶಕ್ಕೆ ಸಿ2 ಎಂದು ಹೆಸರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಹೆಲೆನ್ ಬ್ಲೌ ಅವರ ತಂಡ ಅದರಿಂದ ಒಂದು ಕವಲನ್ನು ಆರಿಸಿ ಸಿ2ಸಿ12 ಎಂದು ಕರೆಯಿತು. 1983ರಲ್ಲಿ ಆ ತಂಡ ಸಿ2ಸಿ12ರ ಎಳೆಗಳೊಡನೆ ಸ್ನಾಯುವಿನದಲ್ಲದ ಮಾನವ ಕೋಶಗಳನ್ನು ಬೆಸೆದಾಗ, ಆ ಮಾನವ ಕೋಶಕೇಂದ್ರಗಳಲ್ಲಿ ಸುಮ್ಮನಿದ್ದ ಸ್ನಾಯುವಿನ ವಂಶವಾಹಿಗಳು ಎಚ್ಚೆತ್ತು ಕೆಲಸ ಆರಂಭಿಸಿದವು! ಇಂದು ಜಗತ್ತಿನಲ್ಲಿ ಸ್ನಾಯುವನ್ನು ಕುರಿತು ದುಡಿಯುವ ಪ್ರಯೋಗಶಾಲೆಗಳಲ್ಲಿ ಸಿ2ಸಿ12 ಇಲ್ಲದವು ವಿರಳ.

ಅದೇ 1977ರಲ್ಲಿ ನಮ್ಮೂರಿನಲ್ಲಿ ಇನ್ನೊಂದು ಘಟನೆ ನಡೆಯಿತು. ತಾರ್ನಾಕದ ಪ್ರಾದೇಶಿಕ ಸಂಶೋಧನಾಲಯದ ಆವರಣದಲ್ಲಿ ಪುಷ್ಪ ಮಿತ್ರ ಭಾರ್ಗವ ಅವರ ಮುಂದಾಳತ್ವದಲ್ಲಿ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ, ಅಂದರೆ ಎಲ್ಲರೂ ಸಿ.ಸಿ.ಎಂ.ಬಿ. ಎನ್ನುವ ಸಂಸ್ಥೆ, ಮೊಳಕೆಯೊಡೆಯಿತು. ಉಪ್ಪಲ್ ರಸ್ತೆಯ ಹಬ್ಸಿಗುಡಾದಲ್ಲಿ ಅದರ ಸ್ವಂತ ಕಟ್ಟಡ 1987ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಆ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಹೋಗಿಬರುವ ನಮ್ಮವರು ಅನೇಕರಿದ್ದಾರೆ. ಒಳಗೆ ಏನು ನಡೆಯುತ್ತದೆಂದು ಬಲ್ಲವರು ಕಡಿಮೆ.

ಬ್ಲೌ ಅವರ ಬಳಿ ಸಂಶೋಧನೆ ನಡೆಸಿದವರಲ್ಲಿ ಜ್ಯೋತ್ಸ್ನಾ ಧವನ್ ಒಬ್ಬರು. 1991ರಲ್ಲಿ ಅವರೂ ಜೊತೆಗಾರರೂ ಸಿ2ಸಿ12 ಕೋಶಗಳಿಗೆ ಮಾನವ ಬೆಳವಣಿಗೆ ಹಾರ್ಮೋನಿನ ವಂಶವಾಹಿಯನ್ನು ಸೇರಿಸಿ, ಅವುಗಳನ್ನು ಇಲಿಯ ಸ್ನಾಯುವಿಗೆ ಚುಚ್ಚಿದಾಗ, ಸುಮಾರು ಮೂರು ತಿಂಗಳ ಕಾಲ ಆ ಹಾರ್ಮೋನು ಇಲಿಯ ರಕ್ತದಲ್ಲಿ ಕಾಣಿಸಿಕೊಂಡಿತು. ಮುಂದೆ ಅವರು ಹೈದರಾಬಾದಿನ ಸಿ.ಸಿ.ಎಂ.ಬಿ.ಗೆ ಬಂದು ಸ್ನಾಯುವಿನ ಆಕರಕೋಶಗಳು ನಿದ್ರಿಸುವುದೂ ಏಳುವುದೂ ಹೇಗೆಂಬ ಅಧ್ಯಯನವನ್ನು ಕೈಗೊಂಡರು. ಅದೇ ಸಂಸ್ಥೆಯಲ್ಲಿ ವೀಣಾ ಪರ್ನಾಯಿಕ್ ಅವರ ತಂಡ ಕೋಶಕೇಂದ್ರದ ಲ್ಯಾಮಿನ್ ಎಂಬ ಪ್ರೋಟೀನನ್ನು ಕುರಿತು ಕೆಲಸ ಮಾಡುತ್ತಿತ್ತು. ಈ ಎರಡು ದಾರಿಗಳು ಕೂಡಿದ ಕಡೆಯೇ ಎಮೆರಿ-ಡ್ರೈಫಸ್ ಸ್ನಾಯುಕ್ಷಯದ ಕಥೆ ನಮ್ಮೂರನ್ನು ಮುಟ್ಟುತ್ತದೆ.

ಲ್ಯಾಮಿನ್ ಎಂದರೆ ಏನು? ಕೋಶದ ನಡುವೆ ಕೋಶಕೇಂದ್ರವೆಂಬ ಚೀಲವಿದೆ. ವರ್ಣತಂತುಗಳೆಲ್ಲ ಇರುವುದು ಅದರೊಳಗೆ. ಆ ಚೀಲದ ಒಳಮೈಗೆ ಬಿದಿರು ಬುಟ್ಟಿಯ ಹೆಣಿಗೆಯಂತೆ ಒಂದು ಜಾಲವಿದ್ದು, ಕೋಶಕೇಂದ್ರಕ್ಕೆ ಆಕಾರವನ್ನೂ ಬಿಗಿಯನ್ನೂ ಕೊಡುತ್ತದೆ. ಆ ಹೆಣಿಗೆಯ ಎಳೆಗಳೇ ಲ್ಯಾಮಿನ್. 1999ರಲ್ಲಿ ಫ್ರಾನ್ಸಿನ ಜೀಸೆಲ್ ಬಾನ್ ಮತ್ತು ಸಂಗಡಿಗರು, ಎಮೆರಿ-ಡ್ರೈಫಸ್ ಸ್ನಾಯುಕ್ಷಯದ ಒಂದು ಬಗೆಗೆ ಲ್ಯಾಮಿನ್ ಎ ಪ್ರೋಟೀನನ್ನು ಬರೆಸುವ ವಂಶವಾಹಿಯಲ್ಲಿನ ದೋಷವೇ ಕಾರಣವೆಂದು ತೋರಿಸಿದರು. ಇನ್ನೊಂದು ಬಗೆಗೆ ಅದೇ ಜಾಲದ ನೆರೆಯಲ್ಲಿರುವ ಎಮೆರಿನ್ ಎಂಬ ಪ್ರೋಟೀನಿನ ದೋಷ ಕಾರಣವೆಂದು 1994ರಲ್ಲಿಯೇ ತಿಳಿದಿತ್ತು.

ಇಲ್ಲಿಯೇ ಒಂದು ಒಗಟು ಎದುರಾಯಿತು. ಲ್ಯಾಮಿನ್ ಎ ದೇಹದ ಬಹುತೇಕ ಎಲ್ಲ ಕೋಶಗಳಲ್ಲೂ ಇದೆ. ಹೀಗಿರುವಾಗ ಅದರ ದೋಷ ಮೊಣಕೈ, ಕಾಲು, ಹೃದಯಗಳನ್ನೇ ಏಕೆ ಹಿಡಿಯಬೇಕು? ಅದೇ ವಂಶವಾಹಿಯ ಬೇರೊಂದು ಕಡೆ ದೋಷ ಬಂದರೆ ಸ್ನಾಯು ಸುರಕ್ಷಿತವಾಗಿದ್ದು ಚರ್ಮದಡಿಯ ಕೊಬ್ಬು ಕರಗುತ್ತದೆ. ಮತ್ತೊಂದು ಕಡೆ ಬಂದರೆ ಎಳೆಯ ಮಗು ಮುದುಕರಂತಾಗುವ ಪ್ರೊಜೇರಿಯಾ ಎಂಬ ಭೀಕರ ರೋಗ ಬರುತ್ತದೆ. ಕೇವಲ ಹೆಣಿಗೆ ಸಡಿಲವಾಯಿತು ಎಂದು ಹೇಳಿದರೆ ಈ ವ್ಯತ್ಯಾಸಗಳಿಗೆ ಸಮಾಧಾನ ಸಿಗುವುದಿಲ್ಲ. ರೋಗಿಯ ಹೃದಯವನ್ನು ತೆರೆದು ದಿನವೂ ನೋಡುವಂತಿಲ್ಲ. ತಟ್ಟೆಯ ಕೋಶಗಳನ್ನೇ ಕೇಳಬೇಕು.

ಸಿ.ಸಿ.ಎಂ.ಬಿ. ತಂಡದವರು ಹಾಗೆಯೇ ಕೇಳಿದರು. 2001ರಲ್ಲಿ ಪರ್ನಾಯಿಕ್, ಧವನ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಬಂಧದಲ್ಲಿ ಸಿ2ಸಿ12 ಕೋಶಗಳೇ ಸಾಕ್ಷಿಗಳು. ವಿಭಜನೆಯಲ್ಲಿ ತೊಡಗಿದ ಕೋಶಗಳ ಕೇಂದ್ರದೊಳಗೆ ಲ್ಯಾಮಿನ್ ಚುಕ್ಕೆಚುಕ್ಕೆಯಾಗಿ ಕಾಣುತ್ತಿತ್ತು. ಅವೇ ಕೋಶಗಳು ಒಂದಾಗಿ ಸ್ನಾಯುವಿನ ಎಳೆಯಾಗುವ ಹಾದಿ ಹಿಡಿದಾಗ ಆ ಚುಕ್ಕೆಗಳು ಚದುರಿ ಹರಡಿಹೋಗುತ್ತಿದ್ದವು. ಎಂದರೆ ಲ್ಯಾಮಿನ್ ಗೋಡೆಯ ಕಲ್ಲಿನಂತೆ ಜಡವಾಗಿ ಕುಳಿತದ್ದಲ್ಲ. ಕೋಶವು ಸ್ನಾಯುವಾಗುವ ನಿರ್ಧಾರದೊಡನೆ ತಾನೂ ಬದಲಾಗುತ್ತದೆ. 2006ರಲ್ಲಿ ಅದೇ ತಂಡ ರೋಗ ತರುವ ಲ್ಯಾಮಿನ್ ರೂಪಗಳನ್ನು ಕೋಶಗಳಲ್ಲಿ ಬರೆಸಿ ನೋಡಿದಾಗ, ಅವುಗಳಲ್ಲಿ ಕೆಲವು ಹಾನಿಗೊಂಡ ಡಿ.ಎನ್.ಎ.ಯನ್ನು ಸರಿಪಡಿಸಲು ಕೂಡಿಬರಬೇಕಾದ ಪ್ರೋಟೀನುಗಳ ಗುಂಪಿಗೆ ಅಡ್ಡಿಯಾಗುವುದು ಕಂಡಿತು. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ವರ್ಣತಂತುಗಳನ್ನು ಒತ್ತಾಗಿ ಮಡಿಸಿಡಲು ಬೇಕಾದ ಒಂದು ಪ್ರೋಟೀನನ್ನು ಕೋಶವೇ ಚೂರುಮಾಡಿ ಎಸೆಯುವಂತೆ ಈ ಕೆಟ್ಟ ಲ್ಯಾಮಿನ್ ಮಾಡುತ್ತದೆಂದು ತಿಳಿದುಬಂತು. ಒಗಟು ಪೂರ್ತಿ ಬಿಡಿಸಿತೆಂದು ಹೇಳಲಾಗದು. ಆದರೆ ಹೆಣಿಗೆಯ ಬಿಗಿಯೊಂದೇ ಅಲ್ಲ, ವಂಶವಾಹಿಗಳ ಆಳ್ವಿಕೆಯೂ ಕೆಡುತ್ತದೆಂಬ ಕಡೆಗೆ ಇವೆಲ್ಲ ಬೆರಳು ತೋರಿದವು.

ಇಂತಹ ಜ್ಞಾನದಿಂದ ಮದ್ದು ಬಂದದ್ದುಂಟೇ ಎಂದರೆ, ಲ್ಯಾಮಿನ್ನಿನದೇ ಇನ್ನೊಂದು ರೋಗವಾದ ಪ್ರೊಜೇರಿಯಾದಲ್ಲಿ ಬಂದದ್ದುಂಟು. ಕೆಟ್ಟ ಲ್ಯಾಮಿನ್ ಕೋಶಕೇಂದ್ರದ ಗೋಡೆಗೆ ಅಂಟದಂತೆ ತಡೆದರೆ ಸೊಟ್ಟಗಾದ ಕೋಶಕೇಂದ್ರ ನೆಟ್ಟಗಾಗುತ್ತದೆಂದು ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ 2005ರಲ್ಲಿ ತಿಳಿಯಿತು. ಮುಂದೆ ಮಕ್ಕಳಲ್ಲಿ ಪರೀಕ್ಷೆ ನಡೆದು ಲೊನಾಫಾರ್ನಿಬ್ ಎಂಬ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅದು ರೋಗವನ್ನು ವಾಸಿ ಮಾಡುವುದಿಲ್ಲ, ಆಯುಸ್ಸನ್ನು ಒಂದಿಷ್ಟು ಹೆಚ್ಚಿಸುತ್ತದೆ. ತಟ್ಟೆಯಿಂದ ಔಷಧದ ಅಂಗಡಿಗೆ ಬರಲು ಹದಿನೈದು ವರ್ಷ ಹಿಡಿಯಿತೆಂಬುದನ್ನು ಗಮನಿಸಬೇಕು.

ಸಾಕ್ಷಿಯನ್ನು ಎಷ್ಟು ನಂಬಬೇಕು?

ಬ್ಯಾಂಕಿನಲ್ಲಿ ಖಾತೆ ತೆರೆಯಲು ಬಂದವನ ಗುರುತು ಪರಿಶೀಲಿಸದೆ ನಾವು ಮುಂದುವರಿಯುವಂತಿಲ್ಲ. ಕೋಶವಂಶಗಳ ವಿಷಯದಲ್ಲಿ ಬಹುಕಾಲ ಈ ಎಚ್ಚರವಿರಲಿಲ್ಲ. ಬೇರೆ ಬೇರೆ ಹೆಸರಿನಲ್ಲಿ ಬೆಳೆಸುತ್ತಿದ್ದ ಅನೇಕ ಕೋಶವಂಶಗಳು ನಿಜಕ್ಕೂ ಹೀಲಾ ಎಂದು 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ ಬಯಲಿಗೆಳೆದರು. ಒಂದು ಪಿಪೆಟ್ಟಿನ ತುದಿಯಲ್ಲಿ ಉಳಿದ ಹನಿಯಿಂದ ಹೀಲಾ ಇನ್ನೊಂದು ತಟ್ಟೆಗೆ ನುಗ್ಗಿ, ಅಲ್ಲಿದ್ದುದನ್ನು ಹಿಂದಿಕ್ಕಿ ತಾನೇ ತುಂಬಿಕೊಂಡಿರುತ್ತಿತ್ತು. ಇಂದು ಡಿ.ಎನ್.ಎ. ಬೆರಳಚ್ಚಿನಂತಹ ಪರೀಕ್ಷೆಯಿಂದ ಕೋಶಗಳ ಗುರುತನ್ನು ಖಚಿತಪಡಿಸುವ ಕ್ರಮವಿದೆ. ಇದು ಕೋಶಗಳ ಕೆ.ವೈ.ಸಿ. ಎನ್ನಬಹುದು. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರ ಕೋಶವಂಶಗಳ ಭಂಡಾರವನ್ನು ನಡೆಸಿ ಸಂಶೋಧಕರಿಗೆ ಒದಗಿಸುತ್ತದೆ. ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ, ಸಣ್ಣ ಸಣ್ಣ ಕುಪ್ಪಿಗಳಲ್ಲಿ ಕೋಶಗಳು ವರ್ಷಗಟ್ಟಲೆ ಕೆಡದೆ ಇರುತ್ತವೆ. ಇಂಗ್ಲಿಷಿನಲ್ಲಿ ಇಂತಹ ಭಂಡಾರಗಳನ್ನು ಸೆಲ್ ಬ್ಯಾಂಕ್ ಎನ್ನುತ್ತಾರೆ. ನಮ್ಮ ವೃತ್ತಿಯ ಹೆಸರನ್ನು ಎರವಲು ಪಡೆದ ಸಂಸ್ಥೆಗಳಲ್ಲಿ ಇದರ ಬಗ್ಗೆ ನನಗೆ ಹೆಮ್ಮೆ.

ಗುರುತು ಸರಿಯಿದ್ದರೂ ಸಾಕ್ಷಿಗೆ ಮಿತಿಗಳುಂಟು. ಸಿ2ಸಿ12 ಇಲಿಯ ಕೋಶ, ಮನುಷ್ಯನದಲ್ಲ. ಹೀಲಾ ಮಾನವನದೇ ಆದರೂ ಅರ್ಬುದದ್ದು. 46 ವರ್ಣತಂತುಗಳಿರಬೇಕಾದಲ್ಲಿ ಅದರಲ್ಲಿ 70ಕ್ಕಿಂತ ಹೆಚ್ಚು. ತಟ್ಟೆಯ ಎಳೆ ಭಾರ ಹೊರುವುದಿಲ್ಲ, ಮೆಟ್ಟಿಲು ಹತ್ತುವುದಿಲ್ಲ. ಅದಕ್ಕೆ ರಕ್ತದ ಪೂರೈಕೆಯೂ ಇಲ್ಲ, ನರದ ಸಂಪರ್ಕವೂ ಇಲ್ಲ. ಆದ್ದರಿಂದ ರೋಗಿಗಳಿಂದಲೇ ಕೋಶವಂಶ ಪಡೆಯುವ ಪ್ರಯತ್ನಗಳು ನಡೆದವು. ರೋಗಿಯ ಉಪಗ್ರಹ ಕೋಶಗಳಿಗೆ, ವರ್ಣತಂತುವಿನ ತುದಿ ಸವೆಯದಂತೆ ಕಾಯುವ ಟೆಲೊಮರೇಸ್ ವಂಶವಾಹಿಯನ್ನೂ ವಿಭಜನೆಯ ತಡೆಯನ್ನು ಸರಿಸುವ ಇನ್ನೊಂದು ವಂಶವಾಹಿಯನ್ನೂ ಸೇರಿಸಿ, ಅವು ದಣಿಯದೆ ಬೆಳೆಯುವಂತೆ ಮಾಡುವ ವಿಧಾನ 2007ರಿಂದ ಬಳಕೆಗೆ ಬಂತು. ಪ್ಯಾರಿಸ್ಸಿನ ಸ್ನಾಯುವಿಜ್ಞಾನ ಸಂಸ್ಥೆಯವರು ಹಲವು ಬಗೆಯ ಸ್ನಾಯುಕ್ಷಯದ ರೋಗಿಗಳಿಂದ ಇಂತಹ ವಂಶಗಳನ್ನು ಸಿದ್ಧಪಡಿಸಿ ಬೇರೆ ಪ್ರಯೋಗಶಾಲೆಗಳಿಗೆ ಹಂಚಿದ್ದಾರೆ.

ಇನ್ನು ಹೃದಯದ ಮಾತು. ಉಪಗ್ರಹ ಕೋಶಗಳಿಂದ ಹೃದಯದ ಕೋಶ ಆಗುವುದಿಲ್ಲ. ಜಪಾನಿನ ಶಿನ್ಯಾ ಯಾಮಾನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನು ನಾಲ್ಕು ವಂಶವಾಹಿಗಳ ನೆರವಿನಿಂದ ಭ್ರೂಣಾವಸ್ಥೆಯ ಕೋಶದಂತೆ ಹಿಂದಿರುಗಿಸಿದರು. ಅವರಿಗೆ 2012ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಹೀಗೆ ಹಿಂದಿರುಗಿದ ಕೋಶವನ್ನು ಹೃದಯದ ಕೋಶವಾಗಿ ಬೆಳೆಸಬಹುದು. ಒಂದು ಚಮಚ ರಕ್ತ ಕೊಟ್ಟವನ ಹೃದಯದ ಮಾದರಿ ತಟ್ಟೆಯಲ್ಲಿ ಮಿಡಿಯುತ್ತದೆ. ಅದರ ಲಯ ತಪ್ಪುವುದನ್ನು ಅಲ್ಲಿಯೇ ಅಳೆಯಬಹುದು.

ಇಷ್ಟೆಲ್ಲ ಓದಿದ ಮೇಲೆ, ಬೆಳೆಸಿದ ಕೋಶಗಳನ್ನೇ ಏಕೆ ರೋಗಿಗೆ ಚುಚ್ಚಬಾರದು ಎಂದು ಯಾರಿಗಾದರೂ ಅನಿಸುತ್ತದೆ. ವೈದ್ಯರಿಗೂ ಅನಿಸಿತ್ತು. 1995ರಲ್ಲಿ ಅಮೆರಿಕದ ಜೆರಿ ಮೆಂಡೆಲ್ ಮತ್ತು ಸಹೋದ್ಯೋಗಿಗಳು ಡುಶೇನ್ ಸ್ನಾಯುಕ್ಷಯದ 12 ಹುಡುಗರಲ್ಲಿ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ತಿಂಗಳಿಗೊಮ್ಮೆಯಂತೆ ಆರು ತಿಂಗಳು ಒಂದು ತೋಳಿಗೆ ಆರೋಗ್ಯವಂತ ದಾನಿಯ ಸ್ನಾಯುಕೋಶಗಳನ್ನೂ ಇನ್ನೊಂದು ತೋಳಿಗೆ ಬರಿಯ ದ್ರವವನ್ನೂ ಚುಚ್ಚಿದರು. ಎರಡು ತೋಳುಗಳ ಬಲದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಬೇಗನೆ ಸಾಯುತ್ತವೆ. ಉಳಿದವು ಸೂಜಿಯ ದಾರಿ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ದೇಹದಲ್ಲಿ 600 ಸ್ನಾಯುಗಳಿರುವುದನ್ನು ನೆನೆದರೆ ಕಷ್ಟದ ಗಾತ್ರ ತಿಳಿಯುತ್ತದೆ. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿದ 2017ರ ಮಾರ್ಗದರ್ಶಿಯ ಪ್ರಕಾರ, ರಕ್ತಸಂಬಂಧಿ ರೋಗಗಳಲ್ಲಿ ಮಾಡುವ ಅಸ್ಥಿಮಜ್ಜೆಯ ಕಸಿಯಂತಹ ರೂಢಿಗತ ಚಿಕಿತ್ಸೆಯ ಹೊರತು, ಆಕರಕೋಶಗಳನ್ನು ಅನುಮತಿ ಪಡೆದ ಪರೀಕ್ಷೆಗಳಲ್ಲಿ ಮಾತ್ರ ಬಳಸಬೇಕು. ಪರೀಕ್ಷೆಗೆ ಒಳಗಾಗುವವರಿಂದ ಅದಕ್ಕಾಗಿ ಹಣ ಕೇಳುವಂತಿಲ್ಲ. ಹಣ ಕೇಳಿದರೆಂದರೆ ಅದು ಪರೀಕ್ಷೆಯಲ್ಲ, ವ್ಯಾಪಾರ. ಮೇಲೆ ಹೇಳಿದ ಅಂದಾಜುಪಟ್ಟಿಯಲ್ಲಿ ಚಿಕಿತ್ಸೆಯ ಫಲಕ್ಕೆ ಚಿಕಿತ್ಸಾಲಯ ಹೊಣೆಯಲ್ಲವೆಂಬ ಸಾಲು ಅತಿ ಸಣ್ಣ ಅಕ್ಷರಗಳಲ್ಲಿತ್ತು. ಸಾಲಪತ್ರಗಳನ್ನು ಓದಿ ಅಭ್ಯಾಸವಾದ ಕಣ್ಣಿಗೆ ಅದು ಮೊದಲು ಬಿತ್ತು. ಅದನ್ನು ಆ ತಂದೆಗೆ ಓದಿ ಹೇಳಿದೆ. ಅವರು ಅರ್ಜಿಯನ್ನು ಹಿಂತೆಗೆದುಕೊಂಡರು.

ಇಂದು ಮಾಡಬಹುದಾದದ್ದು

ಎಮೆರಿ-ಡ್ರೈಫಸ್ ಸ್ನಾಯುಕ್ಷಯ ಸದ್ದಿಲ್ಲದೆ ಬರುತ್ತದೆ. ಬಲ ಕುಂದುವ ಮೊದಲೇ, ಬಾಲ್ಯದಲ್ಲಿಯೇ, ಮೊಣಕೈಗಳು ಪೂರ್ತಿ ನೆಟ್ಟಗಾಗದೆ ಬಾಗಿ ಉಳಿಯುತ್ತವೆ. ಹಿಮ್ಮಡಿಯ ನರವೆಂದು ನಾವು ಹೇಳುವ ಸ್ನಾಯುರಜ್ಜು ಬಿಗಿದು ಮಗು ತುದಿಗಾಲಲ್ಲಿ ನಡೆಯುತ್ತದೆ. ಕತ್ತನ್ನು ಮುಂದಕ್ಕೆ ಬಾಗಿಸಿ ಗದ್ದವನ್ನು ಎದೆಗೆ ಮುಟ್ಟಿಸುವುದು ಕಷ್ಟವಾಗುತ್ತದೆ. ಬಲಹೀನತೆ ನಿಧಾನವಾಗಿ ಮೇಲ್ದೋಳಿಗೂ ಮೊಣಕಾಲಿನ ಕೆಳಗಿನ ಭಾಗಕ್ಕೂ ಬರುತ್ತದೆ. ಎಷ್ಟೋ ಮಂದಿ ನಡೆದಾಡಿಕೊಂಡು, ಉದ್ಯೋಗ ಮಾಡಿಕೊಂಡೇ ಇರುತ್ತಾರೆ. ಅಪಾಯವಿರುವುದು ಎದೆಯಲ್ಲಿ. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಹೋಗಬೇಕಾದ ವಿದ್ಯುತ್ ಸಂಕೇತ ತಡವಾಗಿ, ಕೊನೆಗೆ ನಿಂತೇಹೋಗಬಹುದು. ನಾಡಿ ನಿಧಾನವಾಗುವುದು, ಕಣ್ಣು ಕತ್ತಲಿಡುವುದು, ಎಚ್ಚರ ತಪ್ಪುವುದು ಇದರ ಮುನ್ಸೂಚನೆಗಳು. ಕೆಲವರಲ್ಲಿ ಮುನ್ಸೂಚನೆಯೇ ಇರುವುದಿಲ್ಲ. ಆದುದರಿಂದ ಕುಟುಂಬದಲ್ಲಿ ಒಬ್ಬರಿಗೆ ಈ ರೋಗ ನಿಶ್ಚಯವಾದರೆ, ರೋಗಲಕ್ಷಣವಿಲ್ಲದ ಅಣ್ಣತಮ್ಮ ಅಕ್ಕತಂಗಿಯರೂ ಇ.ಸಿ.ಜಿ. ಮತ್ತು ದಿನವಿಡೀ ಹೃದಯದ ಲಯ ಬರೆಯುವ ಹೋಲ್ಟರ್ ಪರೀಕ್ಷೆಯನ್ನು ವೈದ್ಯರ ಸಲಹೆಯಂತೆ ಮಾಡಿಸಿಕೊಳ್ಳುವುದು ಅತ್ಯಗತ್ಯ. ಪೇಸ್‌ಮೇಕರ್ ಇಡಿಸಿ ಜೀವ ಉಳಿದವರಿದ್ದಾರೆ. ಲ್ಯಾಮಿನ್ ದೋಷದವರಲ್ಲಿ ಪೇಸ್‌ಮೇಕರ್ ಒಂದೇ ಸಾಲದೆ, ಕೆಟ್ಟ ಲಯವನ್ನು ಗುರುತಿಸಿ ತಾನೇ ಸರಿಪಡಿಸುವ ಉಪಕರಣ ಬೇಕಾಗಬಹುದು. ಇದು ವಂಶವಾಹಿಯ ಹೆಸರು ತಿಳಿದಿದ್ದರಷ್ಟೇ ವೈದ್ಯರು ಮೊದಲೇ ಯೋಚಿಸಬಹುದಾದ ವಿಚಾರ.

ಅನುವಂಶಿಕತೆಯ ಲೆಕ್ಕವೂ ವಂಶವಾಹಿಯ ಹೆಸರನ್ನೇ ಅವಲಂಬಿಸಿದೆ. ಲ್ಯಾಮಿನ್ ಬಗೆಯಲ್ಲಿ ಸಾಮಾನ್ಯವಾಗಿ ತಂದೆ ಅಥವಾ ತಾಯಿ ಒಬ್ಬರಲ್ಲಿ ದೋಷವಿದ್ದರೆ ಸಾಕು, ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಾಧ್ಯತೆ ಅರ್ಧದಷ್ಟು. ತಂದೆತಾಯಿಗಳಲ್ಲಿ ಇಲ್ಲದೆ ಮಗುವಿನಲ್ಲಿ ಹೊಸದಾಗಿ ಮೂಡುವುದೂ ಉಂಟು. ಎಮೆರಿನ್ ಬಗೆಯೂ ಡುಶೇನ್ ರೋಗವೂ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತವೆ. ಸೊಂಟ ಭುಜಗಳನ್ನು ಹಿಡಿಯುವ ಬೇರೆ ಅನೇಕ ಸ್ನಾಯುಕ್ಷಯಗಳು ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಪ್ರಕಟವಾಗುತ್ತವೆ. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವ ನಮ್ಮ ಪದ್ಧತಿ ಅಪಾಯವನ್ನು ಹೆಚ್ಚಿಸುವುದು ಈ ಕೊನೆಯ ಗುಂಪಿನಲ್ಲಿ. ಎಲ್ಲಕ್ಕೂ ಸೋದರಿಕೆಯ ಮದುವೆಯನ್ನೇ ಹಳಿಯುವುದೂ ಸರಿಯಲ್ಲ, ಎಲ್ಲಕ್ಕೂ ತಾಯಿಯನ್ನೇ ಹಳಿಯುವುದಂತೂ ಅನ್ಯಾಯ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕೀಲುಗಳ ಕಾಯಿಲೆಯೊಂದು ಕಾಣಿಸಿಕೊಂಡಾಗ ಗದ್ದೆಯ ಏಡಿ, ಕೀಟನಾಶಕಗಳನ್ನು ಅನುಮಾನಿಸಿದ್ದರು. ಇದೇ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೋಗಿ ತನಿಖೆ ನಡೆಸಿದ್ದರು. ಅದು ಅನುವಂಶಿಕವೆಂದು ಮನವರಿಕೆಯಾಗಲು ಕಾಲ ಹಿಡಿಯಿತು. ಮೂಲ ತಿಳಿಯುವವರೆಗೆ ದೂರು ಯಾರ ತಲೆಯ ಮೇಲಾದರೂ ಬೀಳುತ್ತದೆ.

ನಮ್ಮೂರಿನ ಪಂಜಾಗುಟ್ಟದ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ವೈದ್ಯಕೀಯ ತಳಿಶಾಸ್ತ್ರದ ವಿಭಾಗವಿದೆ. 2021ರ ರಾಷ್ಟ್ರೀಯ ವಿರಳ ರೋಗಗಳ ನೀತಿಯಲ್ಲಿ ಈ ಸಂಸ್ಥೆಯೊಡನೆ ಉಪ್ಪಲ್‌ನ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿದಾನ ಕೇಂದ್ರವನ್ನು ವಿಶೇಷ ಕೇಂದ್ರವೆಂದು ಹೆಸರಿಸಲಾಗಿದೆ. ಊರಿನಲ್ಲಿರುವ ಬಂಧುಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಹತ್ತಿರವಾದೀತು. ಬಹುಪಾಲು ರೋಗಿಗಳಿಗೆ ಇಂದು ರಕ್ತದ ಮಾದರಿಯಿಂದಲೇ ವಂಶವಾಹಿಯ ಪರೀಕ್ಷೆ ಸಾಧ್ಯ. ಸ್ನಾಯುವಿನ ಚೂರು ಬೇಕಾಗುವುದು ಅದರಿಂದ ಉತ್ತರ ದೊರೆಯದಾಗ.

ಆ ಚೂರಿನಿಂದಾಗಲಿ ರಕ್ತದಿಂದಾಗಲಿ ಕೋಶವಂಶ ಮಾಡಲು ಒಪ್ಪಿಗೆ ಕೇಳಿದರೆ ಹೆದರಬೇಕಾದದ್ದೇನೂ ಇಲ್ಲ, ಹಾಗೆಂದು ಓದದೆ ಸಹಿ ಹಾಕಲೂಬಾರದು. ಕೋಶಗಳನ್ನು ಎಷ್ಟು ಕಾಲ ಇಡುತ್ತಾರೆ, ಹೊರಗಿನ ಸಂಸ್ಥೆಗಳಿಗೂ ಕಂಪನಿಗಳಿಗೂ ಕೊಡುತ್ತಾರೆಯೇ, ಹೆಸರಿನ ಬದಲು ಸಂಕೇತ ಬಳಸುತ್ತಾರೆಯೇ, ಕುಟುಂಬಕ್ಕೆ ಉಪಯೋಗವಾಗುವ ಫಲಿತಾಂಶ ಸಿಕ್ಕರೆ ತಿಳಿಸುತ್ತಾರೆಯೇ ಎಂದು ಕೇಳುವ ಹಕ್ಕು ನಮಗಿದೆ. ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಅಷ್ಟರಲ್ಲಿ ಬೇರೆ ಕಡೆಗೆ ಹೋಗಿರುವ ಕೋಶಗಳನ್ನು ಹಿಂದಕ್ಕೆ ತರಿಸುವುದು ಮಾತ್ರ ಕಷ್ಟ. ಒಪ್ಪಿಗೆ ಕೊಡದಿದ್ದರೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸಹಿ ಮಾಡಿದ ಪತ್ರದ ನಕಲನ್ನೂ ವಂಶವಾಹಿಯ ವರದಿಯನ್ನೂ ಮನೆಯ ಆಸ್ತಿಪತ್ರಗಳೊಡನೆ ಜೋಪಾನವಾಗಿಡತಕ್ಕದ್ದು. ಕೆಲವು ವರದಿಗಳಲ್ಲಿ, ವಂಶವಾಹಿಯಲ್ಲಿ ಒಂದು ಬದಲಾವಣೆ ಇದೆ, ಅದು ರೋಗಕ್ಕೆ ಕಾರಣವೋ ಅಲ್ಲವೋ ಸ್ಪಷ್ಟವಿಲ್ಲ ಎಂದು ಬರೆದಿರುತ್ತದೆ. ಅಂತಹ ಬದಲಾವಣೆಯನ್ನು ಯಾವುದಾದರೊಂದು ಪ್ರಯೋಗಶಾಲೆ ಕೋಶಗಳಲ್ಲಿ ಬರೆಸಿ ನೋಡಿದ ಮೇಲೆ ಆ ವಾಕ್ಯ ಬದಲಾಗಬಹುದು. ಆದ್ದರಿಂದ ಎರಡು ಮೂರು ವರ್ಷಗಳಿಗೊಮ್ಮೆ ಹಳೆಯ ವರದಿಯನ್ನು ತಳಿವೈದ್ಯರಿಗೆ ತೋರಿಸಿ, ಹೊಸ ಅರ್ಥ ಬಂದಿದೆಯೇ ಎಂದು ಕೇಳಬೇಕು; ಮಗಳ ಮದುವೆಯ ಮಾತು ಬಂದ ವರ್ಷ ತಪ್ಪದೆ ಕೇಳಬೇಕು.